ಒಟ್ಟಿಗೇ ಹೇಳಿಬಿಡಿ

ಕೇದಾರ್ ತನ್ನ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಹೊತ್ತುಕೊಂಡು ಮಹಡಿ ಮೆಟ್ಟಿಲು ಹತ್ತಿ ಬಂದಾಗ ಶ್ರೀಗೌರಿ ಅವನನ್ನು ಗುರುತಿಸಿದ್ದು ಅವನು ಕುಳಿತ ರೀತಿಯಿಂದ. ಯಾರಾದರೂ ಏಳು ಅಂದರೆ ತಟ್ಟನೆ ಎದ್ದುಬಿಡಲು ತಯಾರಾದವನ ಹಾಗೆ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದ. ಹನ್ನೊಂದು ವರ್ಷದ ಹಿಂದೆ ಹೊಳೆನರಸೀಪುರದ ಅವಳ ಮನೆಯ ಹಜಾರದಲ್ಲೂ ಹೀಗೆಯೇ ಕುಳಿತಿದ್ದ. ಆಗ ತಲೆತುಂಬ ಕೂದಲಿತ್ತು. ಏಳು ಅನ್ನುವವರು ಪಕ್ಕದಲ್ಲೇ ಇದ್ದರು, ಅವನ ತಾಯಿ ಶ್ರೀರಂಗಮ್ಮ.

"ಮೇಡಂ, ಚನ್ನರಾಯಪಟ್ಟಣದಿಂದ ಬಂದಿದೀನಿ. ನಮ್ಮ ಮೆಷಿನ್ನನ್ನೂ ನಿಮ್ಮ ಸಾಫ್ಟ್‌ವೇರಿಗೆ ಸೇರಿಸ್ಕೋಬೇಕು," ಅಂದ.

ಮೇಡಂ ಅಂತೆ. ಮೂರು ಸಲ ಅವಳ ಕೈಯ ಉಪ್ಪಿಟ್ಟು ತಿಂದ ಬಾಯಿ ಅದು. ಗುರುತು ಹಿಡಿಯುವಷ್ಟು ಸೌಜನ್ಯವೂ ಇಲ್ಲವಲ್ಲ ಎಂದು ಶ್ರೀಗೌರಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ನಕ್ಕಳು, ಕೆಳಗಿನ ಹೋಟೆಲಿನಿಂದ ಕಾಫಿ ತರಿಸಿದಳು, ತಕ್ಕಡಿ ಬಹಳ ಚೆನ್ನಾಗಿದೆ ಅಂದಳು.

ಹಾಸನದ ಬಿ.ಎಂ. ರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮೇಲಿದ್ದ ಆ ಆಫೀಸು ಬೂವನಹಳ್ಳಿಯ ದಿಲೀಪನದು. ದಿಲೀಪ ಜಮೀನಿದ್ದ ಮನೆಯ ಹುಡುಗ. ಕಂಪ್ಯೂಟರ್ ಮಾರುವ ಅಂಗಡಿ ಇಟ್ಟಿದ್ದವನು ಈಗ ಸುತ್ತಲಿನ ಹಳ್ಳಿಗಳ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದ. ಮಾಡಿಕೊಡುತ್ತಿದ್ದ ಅಂದರೆ, ಶ್ರೀಗೌರಿ ಮಾಡುತ್ತಿದ್ದಳು, ಅವನು ಹೋಗಿ ಕೊಟ್ಟು ಬರುತ್ತಿದ್ದ.

ತೊಂದರೆ ಇದ್ದದ್ದು ತಕ್ಕಡಿಗಳಲ್ಲಿ. ದುದ್ದದಲ್ಲಿ ಒಂದು ಕಂಪನಿಯದಾದರೆ ನುಗ್ಗೇಹಳ್ಳಿಯಲ್ಲಿ ಇನ್ನೊಂದು, ಅರಕಲಗೂಡಿನ ಕಡೆ ಯಾರೋ ಶೆಡ್ಡಿನಲ್ಲಿ ಜೋಡಿಸಿದ್ದು. ಒಂದು ದೊಡ್ಡ ಕಂಪನಿಯ ತಕ್ಕಡಿ ಇದ್ದವರಿಗೆ ಮಾತ್ರ ಕೊಡೋಣ, ಮಿಕ್ಕವರ ಸಹವಾಸ ಬೇಡ ಎಂದು ದಿಲೀಪ ಹೇಳಿದ್ದ. ಶ್ರೀಗೌರಿ ಬಗ್ಗಲಿಲ್ಲ. ಜಾವಾ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಇಂಟರ್‌ಫೇಸ್ ಅಂತ ಒಂದಿದೆ, ಅದು ನೀನು ಯಾರು ಅಂತ ಕೇಳುವುದಿಲ್ಲ, ಏನು ಮಾಡಬಲ್ಲೆ ಅಂತ ಮಾತ್ರ ಕೇಳುತ್ತದೆ ಎಂದು ವಾದಿಸಿದಳು. 'ಅಳೆಯುವವರು' ಎಂದು ಹೆಸರಿಟ್ಟು ಅದರಲ್ಲಿ ನಾಲ್ಕು ಕೆಲಸ ಬರೆದಳು. ಸೊನ್ನೆಗೆ ಬರಬೇಕು, ತೂಗಬೇಕು, ಹಾಲಿನ ಜಿಡ್ಡು ಎಷ್ಟೆಂದು ಹೇಳಬೇಕು, ಚೀಟಿ ಕೊಡಬೇಕು. ಹೇಗೆ ಮಾಡುತ್ತೀರೋ ನಿಮ್ಮ ಪಾಡು. ಈ ನಾಲ್ಕನ್ನು ಮಾಡುವ ಸಣ್ಣ ಪ್ರೋಗ್ರಾಂ ಒಂದನ್ನು ತಕ್ಕಡಿಯವರೇ ಬರೆದು ತಂದರೆ ಸಾಕು, ಯಾರ ಮನೆಯ ತಕ್ಕಡಿಯಾದರೂ ಒಳಗೆ ಬರಬಹುದು. ಒಂದು ಕಡಿಮೆಯಾದರೂ, ಬರೆದದ್ದನ್ನು ಪರೀಕ್ಷಿಸುವ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ಅದಕ್ಕೆ ದಾಕ್ಷಿಣ್ಯ ಗೊತ್ತಿಲ್ಲ.

ಹೊಸದಾಗಿ ಕೆಲಸಕ್ಕೆ ಬರುವವರಿಗೆ ಅವಳು ಇದನ್ನೆಲ್ಲ ಹೇಳಿಕೊಟ್ಟು, ಕೊನೆಗೆ ಒಂದು ಎಚ್ಚರಿಕೆಯನ್ನೂ ಹೇಳುತ್ತಿದ್ದಳು. ಇಂಟರ್‌ಫೇಸನ್ನು ಒಮ್ಮೆ ಊರಿಗೆಲ್ಲ ಕೊಟ್ಟ ಮೇಲೆ ಅದಕ್ಕೆ ಹೊಸ ಕೆಲಸ ಸೇರಿಸಬಾರದು. ಸೇರಿಸಿದರೆ, ಮೊದಲಿನದನ್ನೆಲ್ಲ ನಿಯತ್ತಾಗಿ ಮಾಡಿಕೊಂಡು ಬಂದವರು ಒಂದೂ ತಪ್ಪು ಮಾಡದೆ ನಪಾಸಾಗುತ್ತಾರೆ. ಈ ಮಾತು ಬಂದಾಗ ಅವಳ ದನಿ ಗಟ್ಟಿಯಾಗುತ್ತಿತ್ತು. ಪುಸ್ತಕದಲ್ಲಿ ಓದುವುದಕ್ಕೆ ಬಹಳ ಮೊದಲೇ ಅದು ಅವಳಿಗೆ ಗೊತ್ತಿದ್ದ ವಿಷಯ.

ಶ್ರೀರಂಗಮ್ಮ ಮೊದಲ ಸಲ ಹೆಣ್ಣು ನೋಡಲು ಬಂದಾಗ ಕೇಳಿದ್ದು ಎಲ್ಲರೂ ಕೇಳುವುದನ್ನೇ. ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ, ಮಡಿ ಮೈಲಿಗೆ ಗೊತ್ತೇ, ಕೈಬರಹ ಹೇಗಿದೆ. ಶ್ರೀಗೌರಿ ಎಲ್ಲದರಲ್ಲೂ ಪಾಸಾದಳು. ಜಾತಕವೂ ಕೂಡಿತ್ತು. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೇಳಿ ಹೋದರು. ಆಮೇಲೆ ತಿಳಿಸಿದ್ದು ಇಷ್ಟು: ದೊಡ್ಡ ಮಗ ಸೊಸೆ ದೆಹಲಿಯಲ್ಲಿದ್ದಾರೆ, ಹುಡುಗಿಗೆ ನಾಲ್ಕು ಮಾತು ಇಂಗ್ಲಿಷ್ ಬಂದರೆ ಚೆನ್ನ. ಶ್ರೀಗೌರಿ ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಇಂಗ್ಲಿಷ್ ಕಲಿತಳು. ಶ್ರೀರಂಗಮ್ಮ ಮತ್ತೆ ಬಂದರು, ಉಪ್ಪಿಟ್ಟು ತಿಂದರು, ಮಾತಾಡಿಸಿದರು, ಮೆಚ್ಚಿದರು. ಕೇದಾರನ ಫ್ಯಾಕ್ಟರಿ ಊರಾಚೆ ಇದೆಯಲ್ಲ, ಗಾಡಿ ಓಡಿಸಲು ಬಂದರೆ ಅವಳಿಗೇ ಅನುಕೂಲ ಅಂದರು. ಶ್ರೀಗೌರಿ ಹೊಳೆದಂಡೆಯ ರಸ್ತೆಯಲ್ಲಿ ಲೂನಾ ಕಲಿತಳು, ಬಿದ್ದು ಗಲ್ಲಕ್ಕೆ ಹೊಲಿಗೆ ಹಾಕಿಸಿಕೊಂಡಳು. ಮೂರನೆಯ ಸಲ ಬಂದಾಗ ಶ್ರೀರಂಗಮ್ಮ ಗಲ್ಲದ ಗಾಯವನ್ನು ನೋಡಿದರು, ಹೇಗಾಯಿತು ಅಂತ ಕೇಳಲಿಲ್ಲ. ಈಗಿನ ಕಾಲದಲ್ಲಿ ಕಂಪ್ಯೂಟರ್ ಬಾರದ ಹುಡುಗಿ ಎಲ್ಲಿದ್ದಾಳೆ ಅಂದರು.

ಆವತ್ತು ಅವಳ ತಂದೆ ಅಪ್ಪಾಜಿ ಹೊಸಿಲಿನ ಬಳಿ ಕೈಮುಗಿದು ನಿಂತರು. ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದವರು, ದೇವಸ್ಥಾನದ ಬೀದಿಯಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವಂಥವರು.

"ಅಮ್ಮಾ, ಇನ್ನೇನಾದ್ರೂ ಇದ್ರೆ ಒಟ್ಟಿಗೇ ಹೇಳ್ಬಿಡಿ. ಕಲಿಸಿ ಇಟ್ಟಿರ್ತೀನಿ," ಅಂದರು.

ಇನ್ನೇನಿದೆ, ಇದೊಂದೇ, ಎಂದು ಶ್ರೀರಂಗಮ್ಮ ನಕ್ಕರು. ಕೇದಾರ್ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಅದನ್ನು ಕಟ್ಟಿ ಮುಗಿಸಲು ಅಷ್ಟು ಹೊತ್ತು ಬೇಕಿರಲಿಲ್ಲ.

ಕಂಪ್ಯೂಟರ್ ಕೋರ್ಸಿನಲ್ಲಿ ಶ್ರೀಗೌರಿ ತರಗತಿಗೇ ಮೊದಲು ಬಂದಳು. ಅಪ್ಪಾಜಿ ಕಾಗದ ಬರೆದರು, ಉತ್ತರ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಮೈಸೂರಿಗೆ ಹೋಗಿದ್ದ ಯಾರೋ ಕೇದಾರನ ಮದುವೆ ಊಟ ಚೆನ್ನಾಗಿತ್ತು ಎಂದು ಸುದ್ದಿ ತಂದರು. ಬೇಡ ಅಂತ ಮಾತ್ರ ಯಾರೂ ಹೇಳಲಿಲ್ಲ. ಬೇಡ ಅಂದಿದ್ದರೆ ಒಂದು ವಾರ ಅತ್ತು ಮುಗಿಸುತ್ತಿದ್ದರು. ಒಂದೂವರೆ ವರ್ಷ ನೋಡಿ ನೋಡಿ ಬಿಟ್ಟ ಹುಡುಗಿ ಎಂದು ಊರಲ್ಲಿ ಮಾತಾಯಿತು, ಏನೋ ಐಬು ಇರಬೇಕು ಅಂದುಕೊಂಡರು, ಮುಂದೆ ಬಂದ ಸಂಬಂಧಗಳೆಲ್ಲ ಬೀದಿಯ ತಿರುವಿನಲ್ಲೇ ವಾಪಸಾದವು. ಅಪ್ಪಾಜಿ ಸಂಜೆ ಜಗುಲಿಯ ಮೇಲೆ ಕೂರುವುದನ್ನು ಬಿಟ್ಟರು. ಆ ಮನೆಯಲ್ಲಿ ಆಮೇಲೆ ಉಪ್ಪಿಟ್ಟು ಮಾಡಲಿಲ್ಲ.

ಅಂಥ ಕೇದಾರ್ ಈಗ ಎದುರಿಗೆ ಕುಳಿತು ಕಾಫಿ ಊದಿಕೊಂಡು ಕುಡಿಯುತ್ತಿದ್ದ. ಅವನ ಫ್ಯಾಕ್ಟರಿ ಮುಚ್ಚಿಹೋಗಿತ್ತು. ಇದ್ದಬದ್ದದ್ದನ್ನೆಲ್ಲ ಹಾಕಿ ಚನ್ನರಾಯಪಟ್ಟಣದಲ್ಲಿ ತಕ್ಕಡಿ ಜೋಡಿಸುವ ಶೆಡ್ಡು ಮಾಡಿಕೊಂಡಿದ್ದ. ಸುತ್ತಿನ ಡೈರಿಗಳವರು ಕೊಳ್ಳಲು ಒಪ್ಪಿದ್ದರು, ಹಾಸನದ ಸಾಫ್ಟ್‌ವೇರ್ ಯುಗಾದಿಯೊಳಗೆ ಒಪ್ಪಿದರೆ ಮಾತ್ರ. ಇದನ್ನೆಲ್ಲ ಅವನೇ ಹೇಳಿದ. ಒಪ್ಪದಿದ್ದರೆ ಬೀದಿಗೆ ಬೀಳುತ್ತೇನೆ ಎಂದೂ ಹೇಳಿದ. ಶ್ರೀಗೌರಿ ಅದನ್ನು ಬಹಳ ಗಮನವಿಟ್ಟು ಕೇಳಿಸಿಕೊಂಡಳು.

ಅವನ ಪ್ರೋಗ್ರಾಮನ್ನು ಹಾಕಿ ನೋಡಿದಳು. ನಾಲ್ಕೂ ಕೆಲಸ ಸರಿಯಾಗಿದ್ದವು, ಕಂಪೈಲರ್ ಒಂದು ಚಕಾರ ಎತ್ತಲಿಲ್ಲ. ಅವಳೇ ಬರೆದ ನಿಯಮ ಅವನನ್ನು ಒಳಗೆ ಬಿಡುತ್ತಿತ್ತು. ಅವನು ಯಾರ ಮಗ ಅಂತ ಕೇಳಲು ಅದರಲ್ಲಿ ಜಾಗವೇ ಇರಲಿಲ್ಲ. ಆಗ ಅವಳ ಬಾಯಿಂದ ಹೊರಟ ದನಿ ಶ್ರೀರಂಗಮ್ಮನದೇ ಆಗಿತ್ತು, ಅದೇ ಸಕ್ಕರೆ, ಅದೇ ನಿಧಾನ.

"ಎಲ್ಲ ಚೆನ್ನಾಗಿದೆ. ಇನ್ನೊಂದು ಸಣ್ಣದು ಸೇರಿಸ್ತಾ ಇದೀವಿ. ತೂಕವನ್ನ ತಕ್ಕಡಿ ಕನ್ನಡದಲ್ಲಿ ಕೂಗಿ ಹೇಳಬೇಕು. ಕಣ್ಣು ಮಂಜಾದ ರೈತರಿಗೆ ಅನುಕೂಲ."

ಅವನು ಹೋದ ಮೇಲೆ 'ಅಳೆಯುವವರು' ಇಂಟರ್‌ಫೇಸಿಗೆ ಐದನೆಯ ಸಾಲು ಸೇರಿಸಿದಳು. ನನ್ನ ಕೈಲಿ ಇಂಗ್ಲಿಷ್ ಮಾತಾಡಿಸಿದರಲ್ಲ, ಇವನ ತಕ್ಕಡಿಯ ಕೈಲಿ ನಾನು ಕನ್ನಡ ಮಾತಾಡಿಸುತ್ತೇನೆ ಅಂದುಕೊಂಡಳು. ಸೇರಿಸಿದ ಕೂಡಲೇ ಉಳಿದ ಊರುಗಳ ತಕ್ಕಡಿಗಳೆಲ್ಲ ನಪಾಸಾದವು. ಅದಕ್ಕೂ ಅವಳಲ್ಲಿ ಉಪಾಯವಿತ್ತು. ಅವರ ಪ್ರೋಗ್ರಾಮುಗಳು ಆಫೀಸಿನಲ್ಲೇ ಇದ್ದವು. ಒಂದೊಂದಕ್ಕೂ 'ಕೂಗು' ಎಂಬ ಕೆಲಸವನ್ನು ತಾನೇ ತುಂಬಿದಳು, ಹೆಸರು ಮಾತ್ರ, ಒಳಗೆ ಏನೂ ಇಲ್ಲ. ಕಂಪೈಲರ್ ಹೆಸರು ಇದೆಯೇ ಅಂತ ನೋಡುತ್ತದೆ, ಒಳಗೆ ಖಾಲಿಯೇ ಅಂತ ನೋಡುವುದಿಲ್ಲ. ಎಲ್ಲರೂ ಮತ್ತೆ ಪಾಸು. ಹೊರಗೆ ಉಳಿದವನು ಕೇದಾರ್ ಒಬ್ಬನೇ.

ತಕ್ಕಡಿ ಮಾತಾಡಬೇಕಂತೆ ಎಂದು ಕೇಳಿ ದಿಲೀಪನಿಗೆ ಆಶ್ಚರ್ಯವಾಯಿತು. "ಏನ್ ಮೇಡಮ್ಮೋರೆ, ತಕ್ಕಡಿ ಆಯ್ತು. ಅಸ ಎಮ್ಮೆ ಮಾತಾಡ್ಸೋದು ಯಾವಾಗ?" ಅಂದ. ಶ್ರೀಗೌರಿ ಅದಕ್ಕೂ ನಕ್ಕಳು. ಆ ದಿನಗಳಲ್ಲಿ ಅವಳಿಗೆ ಯಾವ ಮಾತಿಗೂ ನಗು ಬರುತ್ತಿತ್ತು. ಹೊಳೆನರಸೀಪುರಕ್ಕೆ ವಾಪಸಾಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ನಗು.

ಕೇದಾರ್ ಅದನ್ನು ಮಾಡಿಕೊಂಡು ಬಂದ. ಅವನ ತಕ್ಕಡಿ ಗಂಟಲು ಕಟ್ಟಿದ ದನಿಯಲ್ಲಿ ತೂಕವನ್ನು ಕೂಗಿತು. ಶ್ರೀಗೌರಿ ಮೆಚ್ಚಿದಳು, ಕಾಫಿ ತರಿಸಿದಳು, ಇನ್ನೊಂದು ಸಣ್ಣದು ಹೇಳಿದಳು. ಕರೆಂಟು ಹೋಗಿ ಬಂದರೆ ತಕ್ಕಡಿ ನಿಲ್ಲಿಸಿದ ಕಡೆಯಿಂದಲೇ ಶುರು ಮಾಡಬೇಕು. ಬಿದ್ದರೂ ಎದ್ದು ಹೊರಡಬೇಕು, ಲೂನಾದಿಂದ ಬಿದ್ದವರ ಹಾಗೆ. ಕೊನೆಯ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಅವನು ಕಣ್ಣು ಕೆಂಪು ಮಾಡಿಕೊಂಡು ಅದನ್ನೂ ಮಾಡಿ ತಂದ. ಆಗ ಮೂರನೆಯದು ಬಂತು, ಹಸುವಿನ ಹಾಲೋ ಎಮ್ಮೆಯ ಹಾಲೋ ತಕ್ಕಡಿಯೇ ಗುರುತು ಹಿಡಿಯಬೇಕು. ಯುಗಾದಿ ಹತ್ತಿರ ಬರುತ್ತಿತ್ತು. ಕೇದಾರ್ ಬಡವಾಗಿದ್ದ. ಒಂದು ಸಲವೂ ಜಗಳವಾಡಲಿಲ್ಲ, ಆಗಲಿ ಮೇಡಂ ಎಂದು ಹೊತ್ತುಕೊಂಡು ಹೋಗುತ್ತಿದ್ದ. ಇದು ಮುಗಿದರೆ ಮುಂದೇನು ಕೇಳಬೇಕು ಎಂದು ಅವಳು ಬಸ್ಸಿನಲ್ಲಿ ಯೋಚಿಸುತ್ತಿದ್ದಳು. ಇಲ್ಲ ಅನ್ನುವ ಉದ್ದೇಶ ಅವಳಿಗೆ ಇರಲಿಲ್ಲ. ಇಲ್ಲ ಅನ್ನದೆ ಇರುವುದೇ ಅದರ ರುಚಿ.

ಒಂದು ಶನಿವಾರ ಮಧ್ಯಾಹ್ನ, ಮುಂದಿನ ಮೇಜಿನಲ್ಲಿ ಕೂರುವ ಷಡಕ್ಷರಿ ಒಳಗೆ ಬಂದು, ದುದ್ದದ ಅನುಶ್ರೀ ನಿಮ್ಮನ್ನೇ ನೋಡಬೇಕಂತೆ ಅಂದ. ಯಾವ ಅನುಶ್ರೀ ಅಂತ ಶ್ರೀಗೌರಿಗೆ ಗೊತ್ತಿರಲಿಲ್ಲ. ಡಿಪ್ಲೊಮಾ ಮಾಡಿಕೊಂಡು ಊರಲ್ಲೇ ಡೈರಿಯ ಹಳೆಯ ತಕ್ಕಡಿಗೆ ಹೊಸ ಸರ್ಕ್ಯೂಟ್ ಹಾಕಿದ ಹುಡುಗಿ, ಮೊದಲು ನಾಲ್ಕು ಕೆಲಸದ ಪ್ರೋಗ್ರಾಂ ತಂದಿದ್ದಳು, ಅಷ್ಟರಲ್ಲಿ ಐದಾಗಿತ್ತು, ನಪಾಸಾಯಿತು, ಹೊಸ ಇಂಟರ್‌ಫೇಸನ್ನು ಫ್ಲಾಪಿಗೆ ಹಾಕಿ ಕಳಿಸಿದೆ ಎಂದು ಷಡಕ್ಷರಿ ವಿವರಿಸಿದ. ಐದು ಮಾಡಿಕೊಂಡು ಬಂದಳು, ಆರಾಗಿತ್ತು. ಆರು ಮಾಡಿಕೊಂಡು ಬಂದಳು, ಏಳಾಗಿತ್ತು. ಇಷ್ಟಕ್ಕೆಲ್ಲ ನಿಮಗೆ ಯಾಕೆ ತೊಂದರೆ ಅಂತ ನಾನೇ ನೋಡಿಕೊಂಡೆ ಅಂದ. ಕಂಪೈಲರ್ ಹೇಳಿದ್ದನ್ನು ಅವನು ಹೇಳಿದ್ದ, ಅವನ ತಪ್ಪೇನೂ ಇರಲಿಲ್ಲ.

ಅನುಶ್ರೀ ಒಳಗೆ ಬಂದಳು. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಏನಾಯಿತು ಎಂದು ಶ್ರೀಗೌರಿ ಕೇಳಿದಳು. ತಕ್ಕಡಿಗೆ ಸ್ಪೀಕರ್ ಕೂರಿಸುವಾಗ ಬೆಸುಗೆ ಕಡ್ಡಿ ತಾಗಿತು ಎಂದಳು, ಅದು ದೊಡ್ಡ ವಿಷಯವಲ್ಲ ಅನ್ನುವ ಹಾಗೆ. ಹಸು ಎಮ್ಮೆಯದನ್ನೂ ಮಾಡಿಕೊಂಡು ಬಂದಿದ್ದಳು. ಫ್ಲಾಪಿಯನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತಳು.

"ಮೇಡಂ, ಇನ್ನೇನಾರ ಸೇರ್ಸೋದಿದ್ರೆ ಒಟ್ಗೇ ಏಳ್ಬುಡಿ. ಮಾಡ್ಕಂಡೇ ಬತ್ತೀನಿ. ನಮ್ಮಪ್ಪ ದಿನಾ ಕೇಳ್ತದೆ, ಏನಂದ್ರವ್ವಾ ಅಂತ."

ಶ್ರೀಗೌರಿಯ ಕೈ ತಾನಾಗಿ ಗಲ್ಲದ ಹಳೆಯ ಗಾಯದ ಗುರುತಿನ ಮೇಲೆ ಹೋಯಿತು. ಹೊಸಿಲಿನ ಬಳಿ ಕೈಮುಗಿದು ನಿಂತ ಅಪ್ಪ ಕಂಡರು. ಕುರ್ಚಿಯಲ್ಲಿ ಕುಳಿತು ನಗುತ್ತಿರುವವರು ಯಾರು ಅಂತ ನೋಡಿದರೆ ತಾನೇ. ಯಾರ ಮುಖ ನೋಡಬಾರದು ಅಂತ ಹನ್ನೊಂದು ವರ್ಷ ಶಪಿಸಿಕೊಂಡು ಬಂದಿದ್ದಳೋ ಅವರ ಸೀರೆಯನ್ನೇ ಉಟ್ಟುಕೊಂಡು ಕೂತ ಹಾಗಾಯಿತು.

"ಏನೂ ಸೇರ್ಸಲ್ಲ," ಅಂದಳು. "ನಿಂದು ಮೊದಲನೇ ದಿನಾನೇ ಪಾಸಾಗ್ಬೇಕಿತ್ತು. ತಪ್ಪು ನಂದು. ನಿಮ್ಮಪ್ಪಂಗೆ ಇವತ್ತೇ ಹೇಳು."

ಹುಡುಗಿಯ ಎದುರಿಗೇ ಮೂರು ಸಾಲುಗಳನ್ನೂ ಅಳಿಸಿ ಹಾಕಿದಳು. ತಾನು ತುಂಬಿದ್ದ ಖಾಲಿ ಕೆಲಸಗಳನ್ನೂ ಕಿತ್ತಳು. 'ಅಳೆಯುವವರು' ಮತ್ತೆ ನಾಲ್ಕಕ್ಕೆ ಬಂತು. ದುದ್ದದ ತಕ್ಕಡಿ ಪಾಸಾಯಿತು. ಚನ್ನರಾಯಪಟ್ಟಣದ್ದೂ ಪಾಸಾಯಿತು.

ಇದನ್ನು ಕ್ಷಮೆ ಎಂದು ಯಾರೂ ತಪ್ಪು ತಿಳಿಯಬಾರದು. ಅನುಶ್ರೀ ಬಸ್ಸು ಹಿಡಿಯಲು ಹೋದ ಮೇಲೆ ಶ್ರೀಗೌರಿಯ ಸಿಟ್ಟು ಮೊದಲಿಗಿಂತ ಹೆಚ್ಚಾಗಿತ್ತು. ತನ್ನನ್ನು ಶ್ರೀರಂಗಮ್ಮನನ್ನಾಗಿ ಮಾಡಿದ್ದಕ್ಕೂ ಈಗ ಕೇದಾರನೇ ಉತ್ತರ ಹೇಳಬೇಕಿತ್ತು. ಅದು ಸರಿಯಾದ ಲೆಕ್ಕವೋ ತಪ್ಪೋ ಅವಳಿಗೆ ಬೇಕಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನನ್ನು ಕರೆಸಿದಳು. ಈ ಸಲ ಕಾಫಿ ತರಿಸಲಿಲ್ಲ. ನಿಮ್ಮ ತಕ್ಕಡಿ ಪಾಸಾಗಿದೆ, ಮೊದಲಿನ ನಾಲ್ಕೇ ಸಾಕು, ಡೈರಿಗಳಿಗೆ ತಿಳಿಸಿಬಿಡಿ ಅಂದಳು. ಅವನು ಎದ್ದು ಕೈಮುಗಿದ.

"ಕೂತ್ಕೊಳ್ಳಿ. ನಾನು ಹೊಳೆನರಸೀಪುರದ ಅಪ್ಪಾಜಿ ಮಗಳು."

ಬೆಚ್ಚಿಬೀಳುತ್ತಾನೆ ಅಂದುಕೊಂಡಿದ್ದಳು. ಈ ಕ್ಷಣವನ್ನು ಅವಳು ಬಸ್ಸಿನಲ್ಲಿ ಎಷ್ಟೋ ಸಲ ನೋಡಿ ಆನಂದಿಸಿದ್ದಳು. ಕೇದಾರ್ ತಲೆ ತಗ್ಗಿಸಿದ, ಅಷ್ಟೆ.

"ಗೊತ್ತಿತ್ತು. ಮೊದಲನೇ ದಿನಾನೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಹೇಳಿದ್ರೆ ಒಂದೇ ಸಲಕ್ಕೆ ಇಲ್ಲ ಅಂದುಬಿಡ್ತೀರ ಅಂತ ಭಯ ಆಯ್ತು. ಹೇಳದೇ ಇದ್ರೆ ಹೇಗೋ ನಡೆದುಹೋಗತ್ತೆ ಅನ್ನಿಸ್ತು."

ಇಷ್ಟು ವರ್ಷ ಶ್ರೀಗೌರಿ ಶ್ರೀರಂಗಮ್ಮನನ್ನು ದ್ವೇಷಿಸಿದ್ದಳು, ಇವನನ್ನು ಆ ತಾಯಿಯ ಮಗ ಅಂತ ದ್ವೇಷಿಸಿದ್ದಳು. ಈಗ ಮೊದಲ ಸಲ ಇವನು ಮಾಡುವುದನ್ನು ನೋಡಿದಳು. ಆವತ್ತು ಮೈಸೂರಿನ ಹುಡುಗಿಯ ಸಂಬಂಧ ನಡೆಯುತ್ತಿದ್ದದ್ದು ಇವನಿಗೆ ಗೊತ್ತಿದ್ದಿರಲೇಬೇಕು, ಆದರೂ ಬಗ್ಗಿ ಶೂ ಲೇಸು ಕಟ್ಟಿಕೊಂಡ. ಇವತ್ತೂ ಅದೇ. ಹೇಗೋ ನಡೆದುಹೋಗಲಿ ಎಂದು ಬಾಯಿ ಮುಚ್ಚಿಕೊಂಡಿರುವುದು ಇವನ ಕೆಲಸ. ಬೇಡ ಅನ್ನುವುದು ಇವನಿಗೆ ಬರುವುದೇ ಇಲ್ಲ.

"ನಮ್ಮಪ್ಪ ಇನ್ನೂ ನಿಮ್ಮ ಉತ್ತರಕ್ಕೆ ಕಾಯ್ತಾ ಇದಾರೆ," ಅಂದಳು. "ಭಾನುವಾರ ಬಂದು ಅವರ ಎದುರು ನಿಂತುಕೊಂಡು, ಹುಡುಗಿ ಬೇಡ ಅಂತ ನಿಮ್ಮ ಬಾಯಲ್ಲಿ ಹೇಳಿ."

ಇಷ್ಟು ವರ್ಷವಾದ ಮೇಲೆ ಹೇಗೆ ಹೇಳುವುದು, ತನಗೆ ಮದುವೆಯಾಗಿ ಎರಡು ಮಕ್ಕಳಿದ್ದಾರೆ, ಹಿರಿಯರಿಗೆ ನೋವಾಗುತ್ತದೆ ಎಂದು ಅವನು ತೊದಲಿದ. ತಾಯಿಗೆ ಕಾಲು ಬಿದ್ದುಹೋಗಿದೆ ಎಂದೂ ಸೇರಿಸಿದ. ಬರದಿದ್ದರೆ ತಕ್ಕಡಿಯ ಗತಿ ಏನು ಅಂತ ಕೊನೆಗೆ ಕೇಳಿಯೇಬಿಟ್ಟ.

"ತಕ್ಕಡಿಗೆ ಏನೂ ಆಗಲ್ಲ. ಇದು ಇಂಟರ್‌ಫೇಸಿನಲ್ಲಿ ಇಲ್ಲ," ಅಂದಳು. "ತಕ್ಕಡಿ ಹೇಗಿದೆ ಅಂತ ಡೈರಿಯವರು ಕೇಳಿದ್ರೆ ಚೆನ್ನಾಗಿದೆ ಅಂತೀನಿ. ಮಾಡಿದವರು ಹೇಗೆ ಅಂತ ಕೇಳಿದ್ರೆ, ಅದಕ್ಕೂ ನನ್ನ ಹತ್ರ ಉತ್ತರ ಇದೆ."

ಭಾನುವಾರ ಬೆಳಿಗ್ಗೆ ಅವನು ಬಂದ. ದೇವಸ್ಥಾನದ ಬೀದಿಯಲ್ಲಿ ಮನೆ ಹುಡುಕುವ ಕಷ್ಟವೇನೂ ಅವನಿಗೆ ಇರಲಿಲ್ಲ. ಅಪ್ಪಾಜಿ ಹಜಾರದ ಒಳಮೂಲೆಯಲ್ಲಿ, ಹೊರಗಿನವರಿಗೆ ಕಾಣದ ತಮ್ಮ ಎಂದಿನ ಜಾಗದಲ್ಲಿ ಪೇಪರ್ ಹಿಡಿದು ಕುಳಿತಿದ್ದರು. ಶ್ರೀಗೌರಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಕುರ್ಚಿ ಕೊಡಲಿಲ್ಲ. ಅಂಚಿನಲ್ಲಿ ಕೂರುವುದಕ್ಕೂ ಅವನಿಗೆ ಈ ಸಲ ಜಾಗವಿರಲಿಲ್ಲ.

ಚನ್ನರಾಯಪಟ್ಟಣದ ಶ್ರೀರಂಗಮ್ಮನ ಮಗ ಎಂದು ಹೇಳಿಕೊಂಡ. ಅಪ್ಪಾಜಿ ಪೇಪರ್ ಮಡಿಸಿಟ್ಟರು. ಶೂ ಹೊರಗೆ ಬಿಟ್ಟು ಬಂದಿದ್ದರಿಂದ ಕೇದಾರನಿಗೆ ಬಗ್ಗಿ ಕಟ್ಟಿಕೊಳ್ಳಲು ಏನೂ ಇರಲಿಲ್ಲ.

"ಆವತ್ತೇ ತಿಳಿಸ್ಬೇಕಿತ್ತು. ತಿಳಿಸ್ಲಿಲ್ಲ," ಅಂದ. "ನಮಗೆ... ಹುಡುಗಿ ಬೇಡ."

ಅಪ್ಪಾಜಿ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. ತನ್ನ ಸೇಡಿನಲ್ಲಿ ಮುದುಕರಿಗೆ ಮತ್ತೊಂದು ಏಟು ಹಾಕಿಸಿಬಿಟ್ಟೆನೇನೋ ಎಂದು ಶ್ರೀಗೌರಿಗೆ ಅನ್ನಿಸಿತು. ಅಪ್ಪಾಜಿ ಕನ್ನಡಕ ಹಾಕಿಕೊಂಡು ಎದ್ದು ನಿಂತರು. ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತರು.

"ಸಂತೋಷ. ನಮ್ಮ ಕಡೆಯಿಂದ್ಲೂ ಒಂದು ಮಾತು ತಿಳಿಸೋದು ಬಾಕಿ ಇತ್ತು. ಗಂಡಿನ ಕಡೆಯವರು ಮೊದಲು ಹೇಳ್ಲಿ ಅಂತ ಕಾಯ್ತಾ ಇದ್ದೆ. ನಿಮ್ಮ ತಾಯಿಯವರಿಗೆ ಹೋಗಿ ಹೇಳಿ. ನಮಗೆ ಹುಡುಗ ಒಪ್ಪಿಗೆ ಆಗ್ಲಿಲ್ಲ."

ಕೇದಾರ್ ಅವರ ಮುಖ ನೋಡಿದ, ಶ್ರೀಗೌರಿಯ ಮುಖ ನೋಡಿದ. ಹೇಳುತ್ತೇನೆ ಎಂದು ಗಂಟಲಲ್ಲೇ ಹೇಳಿದ. ಮರೆಯದೆ ಹೇಳಬೇಕು ಎಂದು ಅಪ್ಪಾಜಿ ಹಿಂದಿನಿಂದ ನೆನಪಿಸಿದರು. ಅವನು ಶೂಗಳನ್ನು ಹಾಕಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ಬೀದಿಗಿಳಿದ.

ಶ್ರೀಗೌರಿ ಒಳಗೆ ಹೋಗಿ ಬಾಣಲೆ ಇಟ್ಟು ರವೆ ಹುರಿಯಲು ಶುರು ಮಾಡಿದಳು. ಎರಡು ಜನಕ್ಕೆ ಆಗುವಷ್ಟು ಮಾತ್ರ ಹಾಕಿದ್ದಳು. ಘಮ ಹಜಾರಕ್ಕೆ ಬಂದಾಗ ಅಪ್ಪಾಜಿ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ದಿನನಿತ್ಯದ ಹ್ವಾರೆ ಕೆಲಸಕ್ಕೆ ಹೊರಟವರ ಹಾಗೆ ಹೊರಗೆ ಹೋಗಿ, ಜಗುಲಿಯ ಮೇಲೆ ಹಾಸಿಕೊಂಡು ಕುಳಿತರು. ದೇವಸ್ಥಾನದಿಂದ ಬರುತ್ತಿದ್ದ ಯಾರೋ ನಿಂತು, ಏನು ಮೇಷ್ಟ್ರೇ, ಇಲ್ಲಿ ಕೂತು ಬಹಳ ವರ್ಷವಾಯಿತಲ್ಲ ಅಂದರು. ಗಂಡಿನ ಕಡೆಯವರು ಬಂದಿದ್ದರು, ಬೇಡ ಅಂತ ಹೇಳಿ ಕಳಿಸಿದೆ ಎಂದು ಅಪ್ಪಾಜಿ ಉತ್ತರ ಕೊಡುವುದು ಒಲೆಯ ಮುಂದೆ ನಿಂತಿದ್ದ ಅವಳಿಗೂ ಕೇಳಿಸಿತು.